ಚುಕುಬುಕು ಸನ್ನೆ ಮತ್ತು ಬಸಣ್ಣನವರ ಸಹಿ

ಇಪ್ಪತ್ತೊಂಬತ್ತನೆಯ ವಯಸ್ಸಿಗೆ ನಿವೃತ್ತಳಾದವಳ ಅನುಭವವನ್ನು ಯಾಕೆ ಓದಬೇಕು? ಪ್ರಶ್ನೆ ಸರಿಯಾಗಿದೆ. ನಿಮ್ಮ ಜಾಗದಲ್ಲಿ ನಾನಿದ್ದರೂ ಇದನ್ನೇ ಕೇಳುತ್ತಿದ್ದೆ, ಉತ್ತರ ಬರುವ ಮೊದಲೇ ಎರಡನೆಯ ಪ್ರಶ್ನೆಯನ್ನೂ ಎಸೆಯುತ್ತಿದ್ದೆ. ಆದರೆ ನಿವೃತ್ತಿ ಎಂದರೆ ಏನು ಹೇಳಿ? ಒಂದು ಶಾಲು, ಒಂದು ಹಾರ, ಒಂದು ಗ್ರೂಪ್ ಫೋಟೋ, ನಾಳೆಯಿಂದ ಬರಬೇಡಿ ಎಂಬ ಮಾತು. ಕೋರ್ಟಿನ ಆದೇಶಕ್ಕೆ ಬಳ್ಳಾರಿಯ ಗಣಿಗಳು ನಿಂತ ವಾರ ನಮ್ಮ ಕಚೇರಿಯಲ್ಲಿ ಇವೆಲ್ಲ ಒಂದೇ ಮಧ್ಯಾಹ್ನ ಮುಗಿದವು. ವಯಸ್ಸಾದ ವಾಚ್‌ಮನ್‌ಗೂ ನನಗೂ ಒಂದೇ ಬಣ್ಣದ ಶಾಲು ಹೊದಿಸಿದರು. ಆದ್ದರಿಂದ ನಾನು ನಿವೃತ್ತಳು. ವಿರೋಧ ಪಕ್ಷದವರು ಕುಳಿತುಕೊಳ್ಳಬಹುದು.

ಲಾಜಿಸ್ಟಿಕ್ಸ್ ಮ್ಯಾನೇಜ್‌ಮೆಂಟ್ ಓದಲು ಹೊರಟಿರುವ ತಮ್ಮಂದಿರೇ, ತಂಗಿಯರೇ, ನನಗೆ ಯಾವಾಗ ಬಡ್ತಿ ಬಂತು, ಯಾವಾಗ ತಿರುಗುವ ಕುರ್ಚಿ ಬಂತು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಕುರ್ಚಿ ತಿರುಗುತ್ತಿತ್ತು, ಅಷ್ಟೆ. ನಿಮಗೆ ಹೇಳಬೇಕಾದದ್ದು ಓದಿನ ಕೊನೆಯ ಎಂಟು ವಾರಗಳ ಕಥೆ. ಆಮೇಲಿನ ನಾಲ್ಕು ವರ್ಷಗಳಲ್ಲಿ ನಾನು ಮಾಡಿದ ಅಷ್ಟೂ ತಪ್ಪುಗಳನ್ನು ಆ ಎಂಟು ವಾರಗಳಲ್ಲೇ ಒಂದು ಸಲ ಮಾಡಿ ನೋಡಿದ್ದೆ.

ನಾನು ಹೊಸಪೇಟೆಯ ಚಿತ್ತವಾಡ್ಗಿಯವಳು. ಅಪ್ಪ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಗಾಡಿಗಳಿಗೆ ಚೀಟಿ ಕೊಡುವ ಕೆಲಸ ಮಾಡುತ್ತಿದ್ದ. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಪರವಾಗಿ ಮಾತಾಡು ಎಂದರೂ ಸೈ, ವಿರುದ್ಧ ಎಂದರೂ ಸೈ. ಒಮ್ಮೆ ಜೋಡಿ ಬರಲಿಲ್ಲವೆಂದು ಎರಡೂ ಕಡೆ ನಾನೇ ಮಾತಾಡಿ, ಮೊದಲ ಬಹುಮಾನವನ್ನೂ ಎರಡನೆಯದನ್ನೂ ಮನೆಗೆ ತಂದಿದ್ದೆ. ವಿಶ್ವವಿದ್ಯಾಲಯದಲ್ಲಿ ಈ ಹೊಸ ಕೋರ್ಸು ಶುರುವಾದಾಗ ಸೇರಿಕೊಂಡೆ. ಪಕ್ಕದ ಮನೆಯ ಗಂಗಮ್ಮತ್ತೆ ಕೇಳಿದಳು: "ಏನ್ ಓದಾಕ ಹೊಂಟಿ, ಸುಧಾ?"

"ಲಾಜಿಸ್ಟಿಕ್ಸ್, ಅತ್ತಿ."

"ಅಂದ್ರ ಏನವ್ವ?"

"ಸಾಮಾನು ಇಲ್ಲಿಂದ ಅಲ್ಲಿಗೆ ಹೆಂಗ ಸಾಗಸಬೇಕು ಅನ್ನೂದು."

ಗಂಗಮ್ಮತ್ತೆ ಅಪ್ಪನ ಕಡೆ ತಿರುಗಿದಳು. "ಅಲ್ಲಪಾ, ನೀ ದಿನಾ ಗೇಟಿನ್ಯಾಗ ಮಾಡೂದು ಅದೇ ಅಲ್ಲೇನು? ಅದಕ್ಕ ಎರಡ್ ವರ್ಷ ಓದಬೇಕಾ?"

ಅಪ್ಪ ಬಹಳ ಯೋಚನೆ ಮಾಡಿ, "ನಾ ಓದಲಾರದ ಮಾಡ್ತೀನಿ, ಈಕಿ ಮಾಡಲಾರದ ಓದ್ತಾಳ" ಎಂದ. ಆ ಕ್ಷಣಕ್ಕೆ ನನಗೆ ಸಿಟ್ಟು ಬಂತು. ಈಗ ನೋಡಿದರೆ ಆ ಕೋರ್ಸಿನ ಬಗ್ಗೆ ಅದಕ್ಕಿಂತ ಚುಟುಕಾದ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ.

ನಮ್ಮ ಪ್ರೊಫೆಸರ್ ಶ್ರೀಪಾದ ಸರ್ ಒಳ್ಳೆಯವರು. ಆದರೆ ಅವರ ಪಾಠದ ಲಾರಿಗಳು ಹೇಳಿದ ಹೊತ್ತಿಗೆ ಬರುತ್ತಿದ್ದವು. ಸರಕು ಬೇಕಾದ ಕ್ಷಣಕ್ಕೆ ಬಾಗಿಲ ಮುಂದೆ ಇಳಿಯಬೇಕು, ಗೋದಾಮೇ ಬೇಡ ಎಂದು ಅವರು ಬೋರ್ಡಿನ ಮೇಲೆ ಬಾಣ ಎಳೆದರೆ ನಾನು ಎದ್ದು ನಿಲ್ಲುತ್ತಿದ್ದೆ. "ಸರ್, ಈ ಬಾಣದ ಮೇಲೆ ಸಂಡೂರಿನ ಘಾಟಿ ಎಲ್ಲಿದೆ? ರಸ್ತೆಗೆ ಅಡ್ಡ ನಿಂತ ಎಮ್ಮೆ ಎಲ್ಲಿದೆ?" ಅದು ಗಣಿಯ ಸುಗ್ಗಿಯ ಕಾಲ. ಮೇಷ್ಟ್ರು, ಅಕ್ಕಿ ಗಿರಣಿಯವರು, ಪೂಜಾರಿಗಳು, ಎಲ್ಲರೂ ಲಾರಿ ಕೊಂಡಿದ್ದರು. ಸಂಡೂರಿನಿಂದ ಹೊಸಪೇಟೆಯವರೆಗೆ ಕೆಂಪು ಲಾರಿಗಳ ಸಾಲು ಒಂದಕ್ಕೊಂದು ಮೂಗು ತಾಗಿಸಿಕೊಂಡು ನಿಂತಿರುತ್ತಿತ್ತು. ಗುಡ್ಡ ಇನ್ನೆಷ್ಟು ಉಳಿದಿದೆ ಎಂಬ ಕಾಲಂ ನಮ್ಮ ಪಠ್ಯಪುಸ್ತಕದ ಯಾವ ಕೋಷ್ಟಕದಲ್ಲೂ ಇರಲಿಲ್ಲ ಎಂಬುದನ್ನೂ ನಾನು ಎದ್ದು ನಿಂತೇ ಹೇಳಿದ್ದೆ.

ಮೂರನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಸರ್‌ಗೆ ಸಾಕಾಗಿತ್ತು. "ನೀನೇ ಹೋಗಿ ನೋಡಿಕೊಂಡು ಬಾ" ಎಂದರು. ಯಶವಂತನಗರದ ಹತ್ತಿರದ ಗಣಿಯೊಂದರಿಂದ ಹೊಸಪೇಟೆಯ ಬಳಿಯ ಸೈಡಿಂಗ್‌ಗೆ ಅದಿರು ಸಾಗುತ್ತದೆ. ಸೈಡಿಂಗ್ ಎಂದರೆ ಗೂಡ್ಸ್ ರೈಲು ಬಂದು ನಿಂತು ಅದಿರು ತುಂಬಿಸಿಕೊಳ್ಳುವ ಅಂಗಳ. ಅಲ್ಲಿ ಎಂಟು ವಾರ ಇರಬೇಕು. ಸಾಗಾಟದಲ್ಲಿ ಒಂದೇ ಒಂದು ಬದಲಾವಣೆ ತರಬೇಕು. ಅದು ಕೆಲಸ ಮಾಡಿತು ಎಂದು ಸೈಡಿಂಗ್‌ನ ಮುಖ್ಯಸ್ಥರು ವರದಿಗೆ ಸಹಿ ಹಾಕಬೇಕು. ಸಹಿ ಇದ್ದರೆ ಡಿಗ್ರಿ, ಇಲ್ಲದಿದ್ದರೆ ಇಲ್ಲ. "ಇದರ ಮೇಲೆ ಚರ್ಚೆ ಇಲ್ಲ" ಎಂದು ಸರ್ ಕೈ ಎತ್ತಿಬಿಟ್ಟರು.

ಮೊದಲ ದಿನ ಬಿಳಿ ಚೂಡಿದಾರ್ ಹಾಕಿಕೊಂಡು ಹೋದೆ. ಇದು ಪ್ರತ್ಯೇಕ ಅಧ್ಯಾಯವಾಗಬೇಕಾದ ತಪ್ಪು, ಆದರೆ ಒಂದೇ ವಾಕ್ಯದಲ್ಲಿ ಮುಗಿಸುತ್ತೇನೆ: ಮಧ್ಯಾಹ್ನದ ಊಟಕ್ಕೆ ಕುಳಿತಾಗ ನನ್ನ ಮೊಸರನ್ನವೂ ನಾನೂ ನನ್ನ ಕರವಸ್ತ್ರವೂ ಅದಿರಿನ ಧೂಳು ಮೆತ್ತಿ ಒಂದೇ ಕೆಂಪು ಬಣ್ಣವಾಗಿದ್ದೆವು.

ಸೈಡಿಂಗ್‌ನ ಮುಖ್ಯಸ್ಥರು ಬಸಣ್ಣ. ದಪ್ಪ ಮೀಸೆ, ಹಣೆಯ ತುಂಬ ವಿಭೂತಿ. ಅದೂ ಹನ್ನೊಂದು ಗಂಟೆಗೆಲ್ಲ ನಸುಗೆಂಪಾಗುತ್ತಿತ್ತು. ತಗಡಿನ ಕಚೇರಿಯಲ್ಲಿ ನನ್ನ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಏನ್ ಬದಲಾವಣಿ ಮಾಡ್ತೀಯವ್ವ?"

"ನೋಡಿದ ಮೇಲೆ ಹೇಳ್ತೀನಿ ಸರ್."

"ನಾ ಹನ್ನೆರಡ್ ವರ್ಷದಿಂದ ನೋಡಾಕತ್ತೀನಿ. ನನಗ ಏನೂ ಕಂಡಿಲ್ಲ. ನಿನಗ ಎಂಟ್ ವಾರದಾಗ ಕಾಣತೈತೇನು?"

"ಹನ್ನೆರಡು ವರ್ಷ ನೋಡಿದವರಿಗೆ ಕಾಣದಿರುವ ಸಾಧ್ಯತೆ ಹೆಚ್ಚು ಸರ್. ಯಾಕಂದರೆ..."

"ಕುಂದ್ರು ಕುಂದ್ರು. ಚಾ ಕುಡಿ" ಎಂದರು ಬಸಣ್ಣ. ವಾದಕ್ಕೆ ಅವರ ಹತ್ತಿರ ಇದೊಂದೇ ಉತ್ತರ. ಎಂಟು ವಾರವೂ ಅದೇ.

ಒಂದು ಲಾರಿ ಹೋಗಿ ಬರಲು ಎಷ್ಟು ಹೊತ್ತು, ಅದರಲ್ಲಿ ಎಷ್ಟು ವ್ಯರ್ಥ ಎಂದು ಅಳೆಯುವುದು ನನ್ನ ಮೊದಲ ಕೆಲಸ. ನನ್ನನ್ನು ಹುಲುಗಪ್ಪ ಎಂಬ ಹಿರಿಯ ಡ್ರೈವರ್‌ನ ಲಾರಿಗೆ ಹತ್ತಿಸಿದರು. ಕೈಯಲ್ಲಿ ಸ್ಟಾಪ್‌ವಾಚ್, ತೊಡೆಯ ಮೇಲೆ ಕಾಲಂ ಎಳೆದ ಹಾಳೆ. ಹುಲುಗಪ್ಪ ಚಹಾಕ್ಕೆ ನಿಲ್ಲಿಸಿದರೆ 'ವ್ಯರ್ಥ'. ಗುಡಿಯ ಮುಂದೆ ಒಂದು ನಿಮಿಷ ನಿಲ್ಲಿಸಿ ಕೈಮುಗಿದರೆ 'ವ್ಯರ್ಥ'. ಇನ್ನೊಂದು ವಿಚಿತ್ರವೆಂದರೆ, ಎದುರಿಗೆ ಬರುವ ಪ್ರತಿ ಲಾರಿಗೂ ಈ ಮನುಷ್ಯ ಕೈ ತೋರಿಸುತ್ತಿದ್ದ. ಒಮ್ಮೆ ಅಂಗೈ, ಒಮ್ಮೆ ಮುಷ್ಟಿ, ಒಮ್ಮೆ ಮೀಸೆ ತಿರುವುವುದು. ಅವರೂ ಏನೋ ತೋರಿಸುತ್ತಿದ್ದರು. ಅದಕ್ಕೆ ಕಾಲಂ ಇರಲಿಲ್ಲ. ಒಂದು ಎಳೆದು, ಮೇಲೆ 'ಅನಗತ್ಯ ಸ್ನೇಹ' ಎಂದು ಬರೆದೆ.

ಮೂರನೆಯ ದಿನ ಹುಲುಗಪ್ಪ ಓರೆಗಣ್ಣಲ್ಲಿ ಹಾಳೆ ನೋಡಿದ. "ಮೇಡಮ್ಮಾರ, ಚಾ ಕುಡಿದಿದ್ದು ವ್ಯರ್ಥ ಅಂತ ಬರದೀರಿ?"

"ಹೌದು. ಆ ಹೊತ್ತು ಲಾರಿ ಮುಂದೆ ಹೋಗಲಿಲ್ಲ."

"ಚಾ ಕುಡೀಲಿಲ್ಲ ಅಂದ್ರ ನಂಗ ಕಣ್ಣು ಎಳೀತಾವು. ಆಮ್ಯಾಲ ಲಾರಿ ಮುಂದ ಹೋಗ್ತೈತಿ, ಖರೆ. ಕೆರಿ ಒಳಗ. ಅದನ್ನ ಯಾವ ಕಾಲಂದಾಗ ಬರಿತೀರಿ?"

ಎದುರುವಾದಕ್ಕೆಂದು ಬಾಯಿ ತೆರೆದೆ. ಬಾಯೊಳಗೆ ಧೂಳು ಹೋಯಿತು.

ಆದರೂ ನಾನು ನನ್ನ ಬದಲಾವಣೆಯನ್ನು ಕಂಡುಹಿಡಿದೇಬಿಟ್ಟೆ. ಲಾರಿ ಎಲ್ಲಿದೆ ಎಂದು ಸೈಡಿಂಗ್‌ನವರಿಗೆ ಗೊತ್ತಾಗುತ್ತಿರಲಿಲ್ಲ, ಅದೇ ಇಡೀ ರೋಗದ ಮೂಲ ಎಂದು ತೀರ್ಮಾನಿಸಿದೆ. ಆಗಷ್ಟೇ ಎಲ್ಲ ಡ್ರೈವರ್‌ಗಳ ಜೇಬಿಗೂ ಮೊಬೈಲ್ ಬಂದಿತ್ತು. ಮಾತಾಡಿದರೆ ಖರ್ಚು, ಮಿಸ್ಡ್ ಕಾಲ್ ಪುಕ್ಕಟೆ. ಆದ್ದರಿಂದ ನನ್ನ ನಿಯಮ: ಗಣಿಯಲ್ಲಿ ತುಂಬಿಸಿಕೊಂಡು ಹೊರಟರೆ ಒಂದು ಮಿಸ್ಡ್ ಕಾಲ್. ಸೈಡಿಂಗ್‌ನಲ್ಲಿ ಇಳಿಸಿ ವಾಪಸು ಹೊರಟರೆ ಎರಡು. ಎಲ್ಲಾದರೂ ಸಿಕ್ಕಿಬಿದ್ದರೆ ಮೂರು. ನಾನು ತಗಡಿನ ಕಚೇರಿಯಲ್ಲಿ ಕುಳಿತು ಹಾಳೆಯ ಮೇಲೆ ಗುರುತು ಹಾಕುತ್ತೇನೆ. ಬೋರ್ಡಿನ ಮೇಲೆ ಬಾಣ ಎಳೆಯುವಾಗ ಶ್ರೀಪಾದ ಸರ್‌ಗೆ ಎಂಥ ಸುಖ ಸಿಗುತ್ತಿತ್ತೆಂದು ಆ ದಿನ ನನಗೆ ಅರ್ಥವಾಯಿತು.

ತಾಲೀಮಿನ ದಿನ ಒಂದೇ ಒಂದು ಎಡವಟ್ಟಾಯಿತು. ಮೂರು ಮಿಸ್ಡ್ ಕಾಲ್ ಬಂದವು. ಸಿಕ್ಕಿಬಿದ್ದ ಲಾರಿ! ಬಸಣ್ಣ ಕೂಡಲೇ ಮೆಕ್ಯಾನಿಕ್‌ನನ್ನು ಯಶವಂತನಗರದ ಕಡೆ ಓಡಿಸಿದರು. ಅವನು ಒಂದು ಗಂಟೆ ಹುಡುಕಿ, ಕೆಟ್ಟು ನಿಂತ ಯಾವ ಲಾರಿಯೂ ಇಲ್ಲವೆಂದು ಬೈದುಕೊಳ್ಳುತ್ತ ಬಂದ. ಆ ನಂಬರ್ ಕಂಪ್ಲಿಯ ನನ್ನ ಚಿಕ್ಕಮ್ಮನದು. ಹಬ್ಬಕ್ಕೆ ಬರುತ್ತೀಯಾ ಎಂದು ಕೇಳಲು ಮಾಡಿದ್ದಳಂತೆ.

"ನಿಮ್ಮ ಚಿಗವ್ವ ಎಷ್ಟು ಟನ್ ಹಿಡಿತಾಳವ್ವ?" ಎಂದು ಬಸಣ್ಣ ಕೇಳಿದಾಗ ಇಡೀ ಕಚೇರಿ ನಕ್ಕಿತು. ನಾನೂ ನಕ್ಕೆ, ಹಾಳೆಯಿಂದ ಚಿಕ್ಕಮ್ಮನನ್ನು ಅಳಿಸಿದೆ. ಸಣ್ಣ ತಪ್ಪು, ತಿದ್ದಿದೆ, ಮುಂದೇನು ಎಂದುಕೊಂಡೆ.

ಎಂಟನೆಯ ವಾರ ಬಂತು. ಸೋಮವಾರ ವರದಿ ಕೊಡಬೇಕು, ಇದು ಶನಿವಾರ. ಬೆಳಿಗ್ಗೆ ಹತ್ತು ಗಂಟೆಗೆ ರೇಕ್, ಅಂದರೆ ಐವತ್ತೆಂಟು ವ್ಯಾಗನ್‌ಗಳ ಪೂರ್ತಿ ಗೂಡ್ಸ್ ಗಾಡಿ, ಬಂದು ನಿಂತಿತು. ಮಧ್ಯಾಹ್ನ ಮೂರಕ್ಕೆ ಎಂಜಿನ್ ಅದನ್ನು ಎಳೆದುಕೊಂಡು ಹೋಗುತ್ತದೆ, ತುಂಬಿರಲಿ, ತುಂಬದಿರಲಿ. ಅಂಗಳದ ರಾಶಿ ನಲವತ್ತಾರು ವ್ಯಾಗನ್‌ಗೆ ಮಾತ್ರ ಸಾಲುತ್ತಿತ್ತು. ಉಳಿದ ಹನ್ನೆರಡಕ್ಕೆ ಅದಿರು ಇನ್ನೂ ರಸ್ತೆಯ ಮೇಲೆ, ಲಾರಿಗಳಲ್ಲಿ ಇತ್ತು.

ಬಸಣ್ಣ ಕೈ ಕಟ್ಟಿಕೊಂಡು ನಿಂತರು. "ಇವತ್ತು ನಿನ್ನ ಫೋನಿನ ಮ್ಯಾಲೆ ನಡಸು. ತುಂಬಿದ್ರ ಸಹಿ, ಇಲ್ಲಂದ್ರ ಚಾ. ಒಂದು ಮಾತು. ರೇಕ್ ಬಂದೈತಿ ಅಂತ ಡ್ರೈವರ್‌ಗೋಳಿಗೆ ಗೊತ್ತಾಗಬಾರದು. ಗೊತ್ತಾತು ಅಂದ್ರ ಹೆಚ್ಚಿಗಿ ಬಾಡಿಗಿ ಕೇಳಿ ತಲಿ ಮ್ಯಾಲೆ ಕುಂದರ್ತಾರ. ಅದು ನಮ್ಮ ಆಫೀಸಿನ ಗುಟ್ಟು, ಮೊದಲಿಂದ."

ಹನ್ನೊಂದರ ತನಕ ಒಂದೂ ಕಾಲ್ ಬರಲಿಲ್ಲ. ಗುಡ್ಡದ ಒಳಗೆ ಟವರ್ ಸಿಗದು ಎಂಬುದು ನನಗೆ ಗೊತ್ತಿತ್ತು, ಆದರೆ ಯೋಚಿಸಿರಲಿಲ್ಲ. ಹನ್ನೊಂದು ಕಳೆದ ಮೇಲೆ, ಲಾರಿಗಳೆಲ್ಲ ಗುಡ್ಡ ದಾಟಿ ತಿರುವಿಗೆ ಬಂದವು ನೋಡಿ, ಟವರ್ ಸಿಕ್ಕಿತು. ಫೋನು ಮೇಜಿನ ಮೇಲೆ ಹುಚ್ಚೆದ್ದು ಕುಣಿಯಿತು. ಮೂವತ್ತು ಲಾರಿಗಳ ಕಾಲ್ ಒಟ್ಟಿಗೆ! ನನ್ನ ಫೋನು ಕೊನೆಯ ಹತ್ತು ಮಿಸ್ಡ್ ಕಾಲ್‌ಗಳನ್ನು ಮಾತ್ರ ಇಟ್ಟುಕೊಂಡು ಹಳೆಯವನ್ನು ನುಂಗಿಬಿಡುತ್ತಿತ್ತು. ಸಾಲದ್ದಕ್ಕೆ, ಒಂದೇ ನಂಬರ್‌ನಿಂದ ಎರಡು ಸಲ ಬಂದರೂ ಮೂರು ಸಲ ಬಂದರೂ ಒಂದೇ ಸಾಲು ತೋರಿಸುತ್ತಿತ್ತು. ತುಂಬಿದ ಲಾರಿ, ಇಳಿಸಿದ ಲಾರಿ, ಕೆಟ್ಟ ಲಾರಿ, ಎಲ್ಲ ಒಂದೇ. ಎರಡು ವರ್ಷದ ಓದು, ಎಂಟು ವಾರದ ಧೂಳು, ಈ ಅಂಗೈಯಗಲದ ಡಬ್ಬಿಯ ಹೊಟ್ಟೆಯೊಳಗೆ ಹೋಯಿತು.

ಕಿಟಕಿಯಿಂದ ನೋಡಿದರೆ ಹನ್ನೆರಡು ವ್ಯಾಗನ್‌ಗಳು ಬಾಯಿ ತೆರೆದು ನಿಂತಿದ್ದವು. ಲಾರಿ ಬರುತ್ತಿಲ್ಲ. ಬಸಣ್ಣ ಚಹಾಕ್ಕೆ ಹೇಳಿದರು.

ನಾನು ಹೊರಗೆ ಓಡಿದೆ. ಅದೇ ಹೊತ್ತಿಗೆ ಹುಲುಗಪ್ಪ ಅದಿರಿನ ರಾಶಿಯ ಆಚೆ, ಹಳಿ ಕಾಣದ ಕಡೆ, ಲೋಡ್ ಇಳಿಸಿ ಲಾರಿ ತಿರುಗಿಸುತ್ತಿದ್ದ. ಹತ್ತಿ ಕುಳಿತೆ. ಗುಟ್ಟು, ಆಫೀಸು, ನಿಯಮ, ಯಾವುದೂ ನೆನಪಾಗಲಿಲ್ಲ.

"ಹುಲುಗಪ್ಪಣ್ಣ, ರೇಕ್ ಬಂದಿದೆ! ಹನ್ನೆರಡು ವ್ಯಾಗನ್ ಖಾಲಿ ಇವೆ, ಮೂರು ಗಂಟೆಗೆ ಹೋಗಿಬಿಡುತ್ತದೆ. ಲಾರಿಗಳೆಲ್ಲ ಎಲ್ಲಿ ಸತ್ತವು?"

ಹುಲುಗಪ್ಪ ಬ್ರೇಕ್ ಹಾಕಿದ. "ರೇಕ್ ಬಂದೈತಾ? ಯಾರೂ ಹೇಳಲೇ ಇಲ್ಲಲ್ಲವ್ವ! ಬಾಳ ಮಂದಿ ಅಲ್ಲಿ ಚಾದಂಗಡಿ ಹತ್ರ ನಿಂತಾರ. ಸೈಡಿಂಗ್‌ನ್ಯಾಗ ಹೆಂಗೂ ಸಾಲು ಇರ್ತೈತಿ, ಜಲ್ದಿ ಹೋಗಿ ಏನ್ ಮಾಡೂದು ಅಂತ. ಬೆಳಿಗ್ಗಿಂದ ನಾನೇ ಎಲ್ಲಾರಿಗೂ ಮುಷ್ಟಿ ತೋರಿಸಾಕತ್ತೀನಿ."

"ಮುಷ್ಟಿ ಅಂದರೆ?"

"ಮುಂದ ಜಾಮ್ ಐತಿ, ನಿಧಾನಕ ಬಾ ಅಂತ. ಅಂಗೈ ತೋರಿಸಿದ್ರ ದಾರಿ ಖಾಲಿ, ಬಾ. ಮೀಸಿ ತಿರುವಿದ್ರ ಮುಂದ ತಪಾಸಣಿ. ಎರಡ್ ತಿಂಗಳಿಂದ ಪಕ್ಕದಾಗ ಕುಂತೀರಿ, ಗೊತ್ತಿಲ್ಲೇನು?"

'ಅನಗತ್ಯ ಸ್ನೇಹ'. ಹಾಳೆಯನ್ನು ಮಡಚಿ ಕೂತೆ. ಟವರ್ ಬೇಡ, ಚಾರ್ಜ್ ಬೇಡ, ಚಿಕ್ಕಮ್ಮ ನಡುವೆ ಬರುವುದಿಲ್ಲ. ಇಡೀ ರಸ್ತೆ ನಾನು ಹುಟ್ಟುವ ಮೊದಲಿನಿಂದಲೂ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿತ್ತು.

"ಹಾಗಾದರೆ ರೇಕ್ ಬಂದಿದೆ ಅಂತ ತೋರಿಸಿ!"

"ಅದಕ್ಕ ಸನ್ನಿ ಇಲ್ಲ. ಯಾರೂ ಯಾವತ್ತೂ ನಮಗ ಹೇಳಿಲ್ಲಲ್ಲ, ಎಲ್ಲಿಂದ ಇರಬೇಕು?" ಹುಲುಗಪ್ಪ ಒಂದು ಕ್ಷಣ ಯೋಚಿಸಿದ. ಆಮೇಲೆ ಆ ಐವತ್ತು ದಾಟಿದ, ಕೊರಳಲ್ಲಿ ತಾಯತ ಕಟ್ಟಿದ ಗಂಭೀರ ಮನುಷ್ಯ, ಒಂದು ಕೈ ಸ್ಟೀರಿಂಗ್ ಮೇಲಿಟ್ಟು, ಇನ್ನೊಂದು ಮೊಣಕೈಯನ್ನು ಮಕ್ಕಳ ರೈಲಿನಾಟದ ಹಾಗೆ ಮುಂದೆ ಹಿಂದೆ ಗಿರಗಿರ ತಿರುಗಿಸಿ "ಚುಕುಬುಕು ಚುಕುಬುಕು" ಎಂದ.

"ನೀವೂ ಮಾಡ್ರಿ! ನಂದು ಒಂದ ಕೈ, ನಿಮ್ವು ಎರಡೂ ಖಾಲಿ ಅದಾವ!"

ಮಾಡಿದೆ. ಸ್ನಾತಕೋತ್ತರ ವಿದ್ಯಾರ್ಥಿನಿ, ಎರಡು ಮೊಣಕೈ ಆಡಿಸುತ್ತ, ಲಾರಿಯ ಮುಂಗಾಜಿನ ಹಿಂದೆ ಚುಕುಬುಕು. ಎದುರಿನ ಮೊದಲ ಲಾರಿಯವನು ನಮ್ಮನ್ನು ನೋಡಿ ಗಾಬರಿಯಿಂದ ಬದಿಗೆ ಸರಿದ. ಎರಡನೆಯವನು ಬಿದ್ದು ಬಿದ್ದು ನಕ್ಕ. ಮೂರನೆಯವನ ಕಣ್ಣು ಅರಳಿತು; ಅಂಗೈ ತೋರಿಸಿ, "ಖಾಲಿನಾ?" ಎಂಬಂತೆ ಹುಬ್ಬು ಹಾರಿಸಿದ. ಹುಲುಗಪ್ಪ ಅಂಗೈ ತೋರಿಸಿ ಮತ್ತೆ ಚುಕುಬುಕು ಮಾಡಿದ. ಆ ಲಾರಿ ಗೇರ್ ಬದಲಿಸಿದ ಸದ್ದು ನನಗೆ ಇನ್ನೂ ನೆನಪಿದೆ. ನಮ್ಮ ಮುಂದಿದ್ದ ಖಾಲಿ ಲಾರಿಯವರೂ ಕನ್ನಡಿಯಲ್ಲಿ ನೋಡಿ ಚುಕುಬುಕು ಶುರುಮಾಡಿದ್ದರಿಂದ, ಚಾದಂಗಡಿ ಮುಟ್ಟುವ ಹೊತ್ತಿಗೆ ಸುದ್ದಿ ನಮಗಿಂತ ಮುಂದೆ ಹೋಗಿತ್ತು. ವಾಪಸು ಬರುವಾಗ ನೋಡುತ್ತೇನೆ, ಇಡೀ ರಸ್ತೆಯ ತುಂಬ ಕೆಂಪು ಮುಖದ, ದೊಡ್ಡ ಹೊಟ್ಟೆಯ ಗಂಡಸರು ಒಬ್ಬರಿಗೊಬ್ಬರು ಚುಕುಬುಕು ಮಾಡಿಕೊಂಡು, ಹಾರ್ನ್ ಹೊಡೆದುಕೊಂಡು, ನಕ್ಕುಕೊಂಡು ಸೈಡಿಂಗ್ ಕಡೆ ಹೊರಟಿದ್ದಾರೆ. ಒಬ್ಬ ಬಾಯಲ್ಲೇ ಸೀಟಿ ಊದುತ್ತಿದ್ದ. ನನಗೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿತು.

ಮೂರಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಐವತ್ತೆಂಟನೆಯ ವ್ಯಾಗನ್ ತುಂಬಿತು.

ನಾನು ವರದಿ ಹಿಡಿದುಕೊಂಡು ತಗಡಿನ ಕಚೇರಿಗೆ ನುಗ್ಗಿದೆ. ಬಸಣ್ಣ ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

"ನಿನ್ನ ಫೋನು ಕೆಲಸ ಮಾಡ್ತೇನು?"

"ಇಲ್ಲ ಸರ್."

"ಮತ್ತ ಈ ಕಾಗದದಾಗ ಮಿಸ್ಡ್ ಕಾಲ್ ಅಂತ ಐತಿ."

"ಅದನ್ನು ಹೊಡೆದು ಹಾಕಿದ್ದೇನೆ ನೋಡಿ. ಡ್ರೈವರ್‌ಗಳಿಗೆ ರೇಕ್ ಬಂದ ಸುದ್ದಿ ಹೇಳುವುದು ಎಂದು ಬರೆದಿದ್ದೇನೆ. ಬದಲಾವಣೆ ಅದೇ. ಕೆಲಸ ಮಾಡಿದೆ. ರೇಕ್ ತುಂಬಿದೆ."

"ಅದೇ ಬ್ಯಾಡ ಅಂದಿದ್ನಲ್ಲ ನಾನು! ಗುಟ್ಟು ಬಿಟ್ಟುಕೊಟ್ಟಿ. ಮ್ಯಾಲಿನವ್ರು ಕೇಳಿದ್ರ ನಾ ಏನ್ ಹೇಳ್ಲಿ?"

ಅಲ್ಲಿಂದ ಶುರುವಾಯಿತು ನನ್ನ ಬದುಕಿನ ಅತ್ಯುತ್ತಮ ಭಾಷಣ. ಗುಟ್ಟಿನ ಇತಿಹಾಸ, ಗುಟ್ಟಿನ ನಷ್ಟ, ಯಾರಿಂದ ಯಾರಿಗಾಗಿ ಗುಟ್ಟು, ತಲೆಯ ಮೇಲೆ ಕೂರುತ್ತಾರೆ ಎಂದಿರಲ್ಲ, ಇವತ್ತು ಒಬ್ಬರಾದರೂ ಕೂತರಾ? ಪೂರ್ವಪಕ್ಷ, ಉತ್ತರಪಕ್ಷ, ಉಪಸಂಹಾರ. ಬಸಣ್ಣ ಚಹಾ ತರಿಸಿದರು. ಕುಡಿದೆ. ಮತ್ತೆ ಮೊದಲಿನಿಂದ ಶುರುಮಾಡಿದೆ. ಅವರು ಇನ್ನೊಂದು ಚಹಾ ತರಿಸಿದರು. ಒಂದು ಗಂಟೆ ಕಳೆಯಿತು. ಒಂದು ಕಡೆ ಅವರ ಕಣ್ಣು ಮೆತ್ತಗಾದಂತೆ ಕಂಡಿತು, ನೋಡಿದರೆ ತೂಕಡಿಕೆ. ಸೋಮವಾರ ಬರಿಗೈಯಲ್ಲಿ ಶ್ರೀಪಾದ ಸರ್ ಮುಂದೆ ನಿಲ್ಲುವುದು, ಗಂಗಮ್ಮತ್ತೆಗೆ ಉತ್ತರ ಕೊಡುವುದು, ಎಲ್ಲ ಕಣ್ಣ ಮುಂದೆ ಬಂತು. ಅಳು ಬರುವ ಹಾಗಾಯಿತು. ಅದನ್ನು ಧೂಳಿನ ಲೆಕ್ಕಕ್ಕೆ ಹಾಕಿದೆ.

ಹುಲುಗಪ್ಪ ಚೀಟಿ ಮೇಲೆ ಮೊಹರು ಹಾಕಿಸಿಕೊಳ್ಳಲು ಬಂದವನು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ನಿಧಾನವಾಗಿ ಒಳಗೆ ಬಂದ.

"ಬಸಣ್ಣಾರ, ಒಂದು ಮಾತು ಕೇಳ್ಲಾ? ನೀವು ಸಹಿ ಮಾಡಲಿಲ್ಲ ಅಂದ್ರ ಈ ತಂಗಿ ಏನ್ ಮಾಡಬೇಕು?"

"ಏನ್ ಮಾಡೂದು, ಮತ್ತ ಮೊದಲಿಂದ ಮಾಡಬೇಕು."

"ಎಲ್ಲಿ?"

"ಇನ್ನೆಲ್ಲಿ, ಇಲ್ಲೇ."

"ಎಷ್ಟ್ ದಿನ?"

"ಎಂಟ್ ವಾರ..." ಎಂದು ಬಸಣ್ಣ ಅರ್ಧಕ್ಕೆ ನಿಲ್ಲಿಸಿದರು. ನನ್ನ ಮುಖ ನೋಡಿದರು. ನನ್ನ ಬಾಯಿ ನೋಡಿದರು. ಅಷ್ಟು ವೇಗವಾಗಿ ಪೆನ್ನಿನ ಮುಚ್ಚಳ ತೆಗೆದವರನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಒಂದು ಕಡೆ ಸಹಿ ಸಾಕಿತ್ತು. ನಾಲ್ಕು ಕಡೆ ಹಾಕಿದರು. ಹಿಂದಿದ್ದ ಖಾಲಿ ಹಾಳೆಯ ಕೆಳಗೂ ಒಂದು ಹಾಕಿ ನನ್ನ ಕೈಗೆ ತುರುಕಿದರು.

"ತಗೋ ತಾಯಿ. ಇನ್ನೇನರ ಬೇಕಾದ್ರ ಇದರಾಗ ನೀನೇ ಬರಕೋ. ಕೇಳಾಕ ಮಾತ್ರ ಬರಬ್ಯಾಡ."

ಡಿಗ್ರಿ ಬಂತು. ಶ್ರೀಪಾದ ಸರ್ ಆ ಸನ್ನೆಯನ್ನು ಮಾಡಿ ತೋರಿಸು ಎಂದರು, ತೋರಿಸಿದೆ. ಅವರೂ ಒಮ್ಮೆ ಬಾಗಿಲು ಮುಚ್ಚಿ ಮಾಡಿ ನೋಡಿದರು. ಖಾಲಿ ಹಾಳೆಯನ್ನು ನಾನು ಬಹಳ ದಿನ ಇಟ್ಟುಕೊಂಡಿದ್ದೆ. ಬೇಕಾದ್ದನ್ನು ಬರೆದುಕೋ ಎಂದು ಸ್ವತಃ ಸಹಿ ಹಾಕಿದವರೇ ಹೇಳಿದ ಮೇಲೆ ತಪ್ಪೇನು ಎಂದು ಎರಡೂ ಕಡೆಯಿಂದ ವಾದಿಸಿ ನೋಡಿಕೊಂಡೆ. ಕೊನೆಗೆ ಬರೆದೆ: "ಈ ಅಭ್ಯರ್ಥಿ ನಮ್ಮಲ್ಲಿ ಎಂಟು ವಾರ ಕೆಲಸ ಮಾಡಿದ್ದಾಳೆ. ಮಾತು ಹೆಚ್ಚು. ಫೋನಿನ ವಿಷಯದಲ್ಲಿ ನಂಬಬಾರದು. ಆದರೆ ಇವಳಿದ್ದ ದಿನ ರೇಕ್ ಹೊತ್ತಿಗೆ ಸರಿಯಾಗಿ ತುಂಬಿತ್ತು. ಕೆಲಸಕ್ಕೆ ತೆಗೆದುಕೊಳ್ಳಬಹುದು." ಅದನ್ನು ಆ ಸೈಡಿಂಗ್ ನಡೆಸುತ್ತಿದ್ದ ಕಂಪನಿಯ ಮುಖ್ಯ ಕಚೇರಿಗೇ ಕಳಿಸಿದೆ. ಸುಳ್ಳು ಒಂದಕ್ಷರವಿಲ್ಲ, ಬೇಕಾದರೆ ತಿರುಗಿ ಓದಿ.

ಆರು ತಿಂಗಳ ಮೇಲೆ ಕೆಲಸದ ಆದೇಶ ಹಿಡಿದು ತಗಡಿನ ಕಚೇರಿಯೊಳಗೆ ಕಾಲಿಟ್ಟಾಗ ಬಸಣ್ಣ ಚಹಾದ ಲೋಟ ಕೆಳಗಿಟ್ಟರು.

"ನಿನ್ನ ಯಾರು ತಗೊಂಡ್ರು?"

"ನೀವೇ ಸರ್." ಪತ್ರದ ನಕಲು ಕೊಟ್ಟೆ.

ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ಮೂರನೆಯ ಸಲ ಓದಿದರು. "ಇದನ್ನ ನಾ ಯಾವಾಗ ಬರದೆ?"

"ಸಹಿ ನಿಮ್ಮದೇ ಅಲ್ಲವಾ ಸರ್?"

"ಸಹಿ ನಂದೇ..." ಎಂದು ಆ ಸಹಿಯ ಮೇಲೆ ಬೆರಳಾಡಿಸಿದರು. ಆಮೇಲೆ ಎದ್ದು, ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಂಗಳದಲ್ಲಿ ಟೈರಿಗೆ ಗಾಳಿ ನೋಡುತ್ತಿದ್ದ ಹುಲುಗಪ್ಪನಿಗೆ ಕೇಳುವಂತೆ ಕೂಗಿದರು:

"ಲೇ ಹುಲುಗಪ್ಪಾ! ನಿನ್ನ ಮಾತು ಕೇಳಿ ಸಹಿ ಮಾಡಿದ್ನಲ್ಲಲೇ! ಬಂದಾಳ ನೋಡು. ಎಂಟು ವಾರ ಅಲ್ಲೋ, ಪರ್ಮನೆಂಟ್!"